ಸಾಲು ಕೊಡುವವರು

ಮಾರಕ್ಕ ಗಂಡನ ಕೋಟಿನ ಎಡಜೇಬಿಗೆ ಕೈ ಹಾಕಿದಾಗ ಶವಪೆಟ್ಟಿಗೆಯ ಸುತ್ತ ನಿಂತವರೆಲ್ಲ ಮುಖ ಮುಖ ನೋಡಿಕೊಂಡರು. ತೀರಿಕೊಂಡವರ ಜೇಬಿಗೆ ಕೈ ಹಾಕುವುದೆಂದರೇನು! ಅವಳು ಯಾರನ್ನೂ ಲೆಕ್ಕಿಸಲಿಲ್ಲ. ಇಸ್ತ್ರಿ ಮಾಡಿದ ಕರಿಬಟ್ಟೆಯೊಳಗೆ ಬೆರಳಾಡಿಸಿ, ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಈಚೆಗೆ ಎಳೆದು ಸೆರಗಿನಲ್ಲಿ ಒರೆಸಿಕೊಂಡಳು.

"ಅಕ್ಕ, ಅದು ಅವ್ರ ಜೊತೇಲೇ ಹೋಗ್ಲಿ ಬಿಡಿ," ಎಂದರು ಮುತ್ತುರಾಜ್. ಅವರು ಚರ್ಚಿನ ಹಿರಿಯರಲ್ಲೇ ಹಿರಿಯರು; ತಾಲ್ಲೂಕು ಕಚೇರಿಯಲ್ಲಿ ಮೂವತ್ತೈದು ವರ್ಷ ನಿಯಮ ನೋಡಿಕೊಂಡೇ ಕೆಲಸ ಮಾಡಿ ನಿವೃತ್ತರಾದವರು. "ನಾನೇ ಇಟ್ಟಿದ್ದು. ನಲವತ್ಮೂರು ವರ್ಷ ಅದನ್ನ ಬಿಟ್ಟು ಚರ್ಚಿಗೆ ಬಂದೋರಲ್ಲ ದಾಸಪ್ಪನೋರು."

"ನಂಗೆ ಬೇಕು."

"ನಿಮಗ್ಯಾಕಕ್ಕ? ಇನ್ಮೇಲೆ ಹಾಡಿಸೋರು ಯಾರಿದಾರೆ?"

ಆ ಪ್ರಶ್ನೆಯೇ ಬೆಳಗಿನಿಂದ ಅವಳನ್ನು ತಿನ್ನುತ್ತಿತ್ತು. ಗಂಡ ಸತ್ತ ದಿನ ಹೆಂಗಸಿಗೆ ಇರಬೇಕಾದ ಚಿಂತೆ ಇದಲ್ಲ ಎಂದು ಅವಳಿಗೂ ಗೊತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಆದರೆ ಚಿಂತೆ ಹೇಳಿ ಕೇಳಿ ಬರುತ್ತದೆಯೇ?

ಚಾಮರಾಜಪೇಟೆಯ ಆ ಪುಟ್ಟ ಕಲ್ಲಿನ ಚರ್ಚನ್ನು ಕಟ್ಟಿಸಿದವರು ಸ್ಕಾಟ್ಲೆಂಡಿನಿಂದ ಬಂದ ಒಬ್ಬ ಪಾದ್ರಿಯಂತೆ. ಅವರು ಹೋಗಿ ನೂರು ವರ್ಷದ ಮೇಲಾಯಿತು. ಅವರು ಬಿಟ್ಟುಹೋದ ಪ್ರೆಸ್ಬಿಟೇರಿಯನ್ ಕ್ರಮ ಮಾತ್ರ ಅಲುಗಾಡದೆ ನಿಂತಿತ್ತು. ಅಲ್ಲಿ ವಾದ್ಯವಿಲ್ಲ, ಹೂವಿನ ಅಲಂಕಾರವಿಲ್ಲ, ಬೈಬಲಿನ ಕೀರ್ತನೆಗಳ ಹೊರತು ಬೇರೆ ಹಾಡಿಲ್ಲ. ಹಾಡುವ ಬಗೆಯೂ ಬೇರೆಯೇ. ಒಬ್ಬರು ಎದ್ದುನಿಂತು ಈ ಶ್ರುತಿಕಡ್ಡಿಯನ್ನು ಮಂಡಿಗೆ ಬಡಿದು, ಅದರ ಹಿಡಿಯನ್ನು ಮುಂದಿನ ಬೆಂಚಿಗೆ ಒತ್ತುತ್ತಾರೆ. ಬೆಂಚಿಗೆ ಬೆಂಚೇ ಜುಂಯ್ ಎನ್ನುತ್ತದೆ. ಆ ಸ್ವರ ಹಿಡಿದು ಅವರು ಒಂದು ಸಾಲು ಹಾಡಿದರೆ ಸಭೆ ಅದನ್ನೇ ತಿರುಗಿ ಹಾಡುತ್ತದೆ. ಆಮೇಲೆ ಇನ್ನೊಂದು ಸಾಲು. ಇದಕ್ಕೆ ಸಾಲು ಕೊಡುವುದು ಎನ್ನುತ್ತಾರೆ. ಇವರ ಒಂದು ಕೀರ್ತನೆ ಮುಗಿಯುವುದರೊಳಗೆ ಒಲೆಯ ಮೇಲಿಟ್ಟ ಅನ್ನ ಸೀದುಹೋಗುತ್ತದೆ ಎಂದು ಬೇರೆ ಸಭೆಯವರು ಗೇಲಿ ಮಾಡುವುದುಂಟು.

ಅನ್ನ ಸೀದರೂ ಸರಿ, ಮಾರಕ್ಕನಿಗೆ ಆ ಪದ್ಧತಿ ಬೇಕಿತ್ತು. ಯಾಕೆಂದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ತವರಿನವರನ್ನು ಬಿಟ್ಟರೆ ಈ ಸಂಗತಿ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲೊಬ್ಬರು ಈಗ ಪೆಟ್ಟಿಗೆಯಲ್ಲಿ ಮಲಗಿದ್ದರು.

* * *

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮಾರಕ್ಕನ ಮದುವೆ ಒಂದೇ ಸುಳ್ಳಿನಲ್ಲಿ ಮುಗಿದಿತ್ತು: ಹುಡುಗಿ ಏಳನೇ ಕ್ಲಾಸು ಪಾಸು. ಹೇಳಿದವನು ಹೊಸಕೋಟೆಯ ಸೋದರಮಾವ. ನಂಬಿದವರು ದಾಸಪ್ಪನ ತಾಯಿ. ಆಕೆ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುತ್ತಿದ್ದವರು. ಓದು ಬಾರದ ಸೊಸೆಯನ್ನು ಹೊಸ್ತಿಲು ದಾಟಿಸುವವರಲ್ಲ.

ಮದುವೆಯಾದ ಮೊದಲ ಭಾನುವಾರ ಮಾರಕ್ಕ ಹೆಂಗಸರ ಕಡೆಯ ಮೂರನೇ ಬೆಂಚಿನಲ್ಲಿ ಕೀರ್ತನೆ ಪುಸ್ತಕ ಬಿಡಿಸಿಕೊಂಡು ಕುಳಿತಳು. ಗಂಡಸರ ಕಡೆಯಿಂದ ದಾಸಪ್ಪ ಹೊಸ ಹೆಂಡತಿಯನ್ನು ಕದ್ದು ಕದ್ದು ನೋಡುತ್ತಿದ್ದರು. ಎಲ್ಲರ ಕೈಯಲ್ಲೂ ಪುಟ ತಿರುಗಿತು. ಅವಳ ಕೈಯಲ್ಲಿ ತಿರುಗಲಿಲ್ಲ. ಮಧ್ಯಾಹ್ನ ಊಟವಾಗಿ, ತಾಯಿ ಪಕ್ಕದ ಮನೆಗೆ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು.

"ಪುಟ ತಿರುವ್ಲೇ ಇಲ್ವಲ್ಲ ನೀನು?"

ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ಎಂದಾದರೂ ಸಿಕ್ಕಿಬೀಳಲೇಬೇಕಿತ್ತು. ಇಷ್ಟು ಬೇಗ ಎಂದು ಮಾರಕ್ಕ ಎಣಿಸಿರಲಿಲ್ಲ. ಅತ್ತಳು. ತವರಿಗೆ ಕಳಿಸುತ್ತಾರೆಂದು ಸೀರೆಗಳನ್ನು ಮನಸ್ಸಿನಲ್ಲೇ ಮಡಿಸಿಕೊಂಡಳು.

ದಾಸಪ್ಪ ಕಳಿಸಲಿಲ್ಲ. ಒಂದು ಸ್ಲೇಟು ತಂದರು. ನಗರ್ತಪೇಟೆಯಲ್ಲಿ ಅವರದು ತಕ್ಕಡಿ ರಿಪೇರಿಯ ಕೆಲಸ. ಕೂದಲೆಳೆಯಷ್ಟು ಓರೆಯನ್ನೂ ತಾಳ್ಮೆಯಿಂದ ತಿದ್ದುವ ಕೈ. ಎರಡು ತಿಂಗಳು, ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕಲಿಸಿದರು. ಅಕ್ಷರಗಳು ಅವಳ ಕಣ್ಣೆದುರು ಇರುವೆಗಳ ಹಾಗೆ ಜಾಗ ಬದಲಿಸುತ್ತಿದ್ದವು. ಇಂದು ಕಲಿತದ್ದು ನಾಳೆಗೆ ಇಲ್ಲ. ತಲೆನೋವು, ಕಣ್ಣೀರು. ಕಡೆಗೊಂದು ದಿನ ಅವರೇ ಸ್ಲೇಟು ಒರೆಸಿ ಅಟ್ಟಕ್ಕೆ ಎಸೆದರು.

"ಬಿಡು. ಓದಿದ್ರೇನೇ ಭಕ್ತಿ ಅನ್ನೋ ಹಾಗಿದ್ರೆ ದೇವ್ರು ಕಿವಿ ಯಾಕೆ ಕೊಡ್ತಿದ್ದ?"

ಅದೇ ವರ್ಷ ಸಾಲು ಕೊಡುತ್ತಿದ್ದ ಮುದುಕರು ತೀರಿಕೊಂಡರು. ಎಲ್ಲರ ಕೈಯಲ್ಲೂ ಅಚ್ಚಾದ ಪುಸ್ತಕವಿದೆ, ಇನ್ನು ಆ ಪದ್ಧತಿ ಸಾಕು ಎಂದು ಹಿರಿಯರು ಮಾತಾಡಿಕೊಂಡರು. ಸಭೆಯಲ್ಲಿ ಅಲ್ಲಿಯವರೆಗೆ ಬಾಯೇ ತೆರೆಯದಿದ್ದ ದಾಸಪ್ಪ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳನ್ನು ಜಾಲಾಡಿದರು. ಸ್ಕಾಟ್ಲೆಂಡಿನ ಹಳೆಯ ಆರಾಧನಾ ಕ್ರಮದ ಒಂದು ಇಂಗ್ಲಿಷ್ ಪುಸ್ತಕ ಹುಡುಕಿ ತಂದು, ಸಾಲು ಕೊಡುವ ವಿಷಯವಿದ್ದ ಭಾಗವನ್ನು ಕನ್ನಡದಲ್ಲಿ ಬರೆದುಕೊಂಡು ಎಲ್ಲರೆದುರು ಓದಿದರು. ಇದು ನಮ್ಮ ಪೂರ್ವಿಕರ ಕ್ರಮ, ಬಿಡುವಂತಿಲ್ಲ ಎಂದರು.

"ಕೊಡೋರು ಯಾರಪ್ಪ?" ಎಂದು ಯಾರೋ ಕೇಳಿದರು.

"ನಾನು."

ಕಂಠವೇನೂ ದೊಡ್ಡದಲ್ಲ. ಮೊದಲ ಭಾನುವಾರ ಮಂಡಿ ನಡುಗುತ್ತಿತ್ತು. ಶ್ರುತಿಕಡ್ಡಿ ಅದೇ ಮಂಡಿಗೆ ಬಡಿಯಬೇಕಿತ್ತು, ಎರಡು ಸಲ ಗುರಿ ತಪ್ಪಿತು. ಮೂರನೇ ಬೆಂಚಿನಲ್ಲಿ ಮಾರಕ್ಕ ಗಂಡ ಕೊಟ್ಟ ಸಾಲನ್ನು ಬೊಗಸೆಯೊಡ್ಡಿದವಳಂತೆ ತೆಗೆದುಕೊಂಡು ಹಾಡಿದಳು. ಪಕ್ಕದವಳು ಪುಟ ತಿರುವಿದಾಗ ತಾನೂ ತಿರುವಿದಳು.

* * *

ಹತ್ತು ಗಂಟೆಗೆ ಪೆಟ್ಟಿಗೆಯನ್ನು ಚರ್ಚಿಗೆ ತಂದು ಪೀಠದ ಮುಂದೆ ಇಳಿಸಿದರು. ಪಕ್ಕದ ಸಣ್ಣ ಕೋಣೆಯಲ್ಲಿ ಆಗಲೇ ಜಗಳ ಶುರುವಾಗಿತ್ತು. ಜಗಳವೆಂದರೆ ಕೂಗಾಟವಲ್ಲ, ಸಾವಿನ ಮನೆಯವರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟುವ ಜಗಳ.

"ಹಾಡೋದೇ ಬೇಡ," ಎಂದರು ಮುತ್ತುರಾಜ್. "ಅಯ್ಯನವರು ಕೀರ್ತನೆ ಓದ್ಬಿಡ್ಲಿ, ಪ್ರಾರ್ಥನೆ ಮಾಡ್ಲಿ, ಎತ್ಕೊಂಡು ಹೋಗೋಣ. ಸಾಲು ಕೊಡೋರೇ ಇಲ್ಲ ಅಂದ್ಮೇಲೆ ಇನ್ನೇನು?"

"ನಲವತ್ಮೂರು ವರ್ಷ ಹಾಡಿಸಿದೋರನ್ನ ಮೂಕರ ಥರ ಕಳ್ಸೋದಾ ಅಂಕಲ್?" ಎಂದಳು ರಂಜಿನಿ. ಅವಳು ಮಾರಕ್ಕನ ಒಬ್ಬಳೇ ಮಗಳು. ಮತ್ತಿಕೆರೆಯಲ್ಲಿ ಮನೆ, ಅಲ್ಲಿಯೇ ಒಂದು ಹೊಸ ಸಭೆಯಲ್ಲಿ ಗಿಟಾರು ಡ್ರಮ್ಮುಗಳ ನಡುವೆ ಕೀಬೋರ್ಡ್ ನುಡಿಸುತ್ತಾಳೆ. ಅಪ್ಪನ ಚರ್ಚಿನ ಮೆಟ್ಟಿಲು ಹತ್ತಿ ಒಂಬತ್ತು ವರ್ಷವಾಗಿತ್ತು.

"ಮತ್ತೇನಮ್ಮ? ನಿಮ್ಮ ಮತ್ತಿಕೆರೆ ಥರ ಡ್ರಮ್ ಬಾರಿಸೋಣ್ವಾ?"

"ಬಾರಿಸಿ ಅಂದೋರು ಯಾರು?"

ಅಯ್ಯನವರು, ಅಂದರೆ ಪಾದ್ರಿ ಅಮರ್, ನಡುವೆ ಕೈ ಅಡ್ಡ ಹಿಡಿದರು. ಈ ಸಭೆಗೆ ಬಂದು ಎರಡೇ ವರ್ಷವಾದ ಮೂವತ್ತರ ಹುಡುಗ; ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಸ್ವಭಾವ. "ನಮ್ಮ ಹುಡುಗ್ರು ಸ್ಕ್ರೀನ್ ತಂದಿದಾರೆ. ದಾಸಪ್ಪನೋರು ತಮ್ಮ ಅಂತ್ಯಕ್ರಿಯೆಗೆ ಅಂತ ಬರೆದಿಟ್ಟಿದ್ದು ತೊಂಬತ್ತನೇ ಕೀರ್ತನೆ. ಅದನ್ನ ಪೂರ್ತಿ ಸ್ಕ್ರೀನ್ ಮೇಲೆ ಹಾಕ್ತೀವಿ. ರಂಜಿನಿಯವ್ರು ಕೀಬೋರ್ಡಲ್ಲಿ ಮೆತ್ತಗೆ ರಾಗ ಹಿಡೀಲಿ, ಸಾಕು. ಈಗ ಎಲ್ರಿಗೂ ಓದಕ್ಕೆ ಬರುತ್ತಲ್ಲ."

ಮಾರಕ್ಕ ಸೆರಗಿನೊಳಗೆ ಶ್ರುತಿಕಡ್ಡಿಯನ್ನು ಬಿಗಿಯಾಗಿ ಹಿಡಿದಳು. ಕಂಠಪಾಠವಾಗಿದ್ದ ಹತ್ತು ಹನ್ನೆರಡು ಕೀರ್ತನೆಗಳಲ್ಲಿ ತೊಂಬತ್ತನೆಯದು ಇರಲಿಲ್ಲ. ಗಂಡನ ಶವದ ಮುಂದೆ, ಮೊದಲ ಬೆಂಚಿನಲ್ಲಿ, ಎಲ್ಲರ ಕಣ್ಣೆದುರು ಅವಳು ಬಾಯಿ ಮುಚ್ಚಿ ಕೂರಬೇಕಾಗುತ್ತಿತ್ತು. ಇವತ್ತು ಅಳುವಿನ ನೆಪ ನಡೆದೀತು. ಮುಂದಿನ ಭಾನುವಾರ? ಅದರ ಮುಂದಿನದು?

ಎಲ್ಲರಿಗೂ ಓದಕ್ಕೆ ಬರುತ್ತಲ್ಲ. ಈ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ಹೇಳಿದವಳು ಈಗ ಪಕ್ಕದಲ್ಲೇ ನಿಂತಿದ್ದಳು.

* * *

"ಈಗ ಎಲ್ರಿಗೂ ಓದಕ್ಕೆ ಬರುತ್ತಲ್ಲಪ್ಪಾ!" ಎಂದಿದ್ದಳು ರಂಜಿನಿ, ಒಂಬತ್ತು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ. "ಒಂದೊಂದು ಸಾಲನ್ನೂ ಎರಡೆರಡು ಸಲ ಯಾಕೆ ಎಳೀಬೇಕು? ಹುಡುಗ್ರು ಯಾರೂ ಬರ್ತಾ ಇಲ್ಲ. ಒಂದು ಸ್ಕ್ರೀನು, ಒಂದು ಕೀಬೋರ್ಡು. ನಾನೇ ನುಡಿಸ್ತೀನಿ."

"ಇದು ಹಿರಿಯರು ಇಟ್ಟ ಕ್ರಮ," ಎಂದರು ದಾಸಪ್ಪ. "ಬದಲಾಯಿಸೋ ಹಕ್ಕು ನಂಗೂ ಇಲ್ಲ, ನಿಂಗೂ ಇಲ್ಲ."

"ಮುನ್ನೂರು ವರ್ಷದ ಹಿಂದೆ ಆ ಪುಸ್ತಕ ಬರೆದು ಎಲ್ಲೋ ಸತ್ತೋರು, ಚಾಮರಾಜಪೇಟೇಲಿ ನಾವು ಹೆಂಗೆ ಹಾಡ್ಬೇಕು ಅಂತ ಹೇಳ್ಬೇಕಾ?"

"ಹೌದು."

ಆ ಒಂದು ಹೌದಿಗೆ ಮಗಳು ಚೀಲ ಎತ್ತಿಕೊಂಡು ಹೊರಟುಹೋದಳು. ಮನೆಗೆ ಬರುವುದು ನಿಲ್ಲಿಸಲಿಲ್ಲ. ಕ್ರಿಸ್‌ಮಸ್ಸಿಗೆ ಬರುತ್ತಿದ್ದಳು, ಜ್ವರ ಬಂದರೆ ಓಡಿ ಬರುತ್ತಿದ್ದಳು. ಚರ್ಚಿನ ಮಾತು ಮಾತ್ರ ಅಪ್ಪ ಮಗಳ ನಡುವೆ ಬರಲಿಲ್ಲ. ಚಿಕ್ಕಂದಿನಲ್ಲಿ ಕಡಲೆಬೀಜ ಸುಲಿಯುತ್ತ ಇಬ್ಬರೂ ಕೀರ್ತನೆ ಹಾಡುತ್ತಿದ್ದರು. ಅದೂ ನಿಂತಿತು.

"ನಿಜ ಹೇಳ್ಬಿಡಿ ಅವ್ಳಿಗೆ," ಎಂದು ಮಾರಕ್ಕ ಆವತ್ತೇ ಗಂಡನಿಗೆ ಹೇಳಿದ್ದಳು.

"ಹೇಳೋದಾದ್ರೆ ನೀನು ಹೇಳು. ಅದು ನಿನ್ ವಿಷ್ಯ, ನಾನು ಹೆಂಗೆ ಹೇಳ್ಲಿ?"

ನಾಳೆ ಹೇಳುತ್ತೇನೆ ಎಂದುಕೊಂಡಳು. ರಂಜಿನಿ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು. ನೂರಾರು ಮಕ್ಕಳಿಗೆ ಅಆಇಈ ತಿದ್ದಿಸಿದವಳು. ಅಂಥವಳ ಮುಂದೆ ನಿಂತು ನನಗೆ ಅ ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? ನಾಳೆ ನಾಳೆ ಎಂದು ಒಂಬತ್ತು ವರ್ಷವಾಯಿತು. ದಾಸಪ್ಪನವರು ಹಟಮಾರಿ, ಹಳೇ ಕಾಲದವರು ಎಂದು ಊರೆಲ್ಲ ಅಂದಿತು. ಅವರು ಅನ್ನಿಸಿಕೊಂಡರು. ಇವಳು ಅನ್ನಿಸಿಕೊಳ್ಳಲು ಬಿಟ್ಟಳು.

* * *

"ಅಮ್ಮ, ನೀವೇ ಹೇಳ್ಬಿಡಿ," ಎಂದರು ಅಮರ್. "ಅವ್ರಿಗೆ ಏನಿಷ್ಟ ಇತ್ತು?"

"ಅವ್ರ ಆ ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಏನಿದೆ ಅಯ್ಯನವರೇ?" ಎಂದು ಮಾರಕ್ಕ ಕೇಳಿದಳು.

ಅಮರ್ ಸ್ವಲ್ಪ ಹಿಂದೆ ಮುಂದೆ ನೋಡಿದರು. ಆಮೇಲೆ ಬೀರು ತೆಗೆದು, ಬೈಂಡು ಸಡಿಲವಾದ ಹಳೆಯ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಹೋದ ತಿಂಗಳು ಅವ್ರೇ ತಂದ್ಕೊಟ್ರು. ಪೂರ್ತಿ ಓದಿ ಅಂದ್ರು. ಇವತ್ತು ಇದನ್ನ ಹೇಳ್ಬಾರ್ದು ಅಂತಿದ್ದೆ. ನೋಡಿ, ಸಾಲು ಕೊಡೋದು ಕಾಯಂ ಕ್ರಮ ಅಲ್ಲ. ಎಲ್ರೂ ಓದೋದು ಕಲೀಬೇಕು, ಪುಸ್ತಕ ಹಿಡ್ಕೊಂಡೇ ಹಾಡ್ಬೇಕು. ಓದಕ್ಕೆ ಬರ್ದೇ ಇರೋರು ಸಭೇಲಿ ಇದ್ರೆ ಸದ್ಯಕ್ಕೆ ಸಾಲು ಕೊಡಿ, ಅಂತ ಇರೋದು. ದಾಸಪ್ಪನೋರು ಆವತ್ತು ಓದಿದ್ದು ಅರ್ಧ ಮಾತ್ರ."

ಮುತ್ತುರಾಜರ ಮುಖ ಬಿಳಿಚಿಕೊಂಡಿತು. ಅವರು ಆ ಅರ್ಧವನ್ನೇ ನಂಬಿ ನಲವತ್ತಮೂರು ವರ್ಷ ಕಾವಲು ಕಾದವರು. "ಹಂಗಾದ್ರೆ ದಾಸಪ್ಪ ನಮಗೆ ಸುಳ್ಳು ಹೇಳಿದ್ನಾ?"

"ನಾನೂ ಕೇಳ್ದೆ. 'ಪುಸ್ತಕದಲ್ಲಿ ಇರೋ ಹಾಗೇ ನಡ್ಸಿದೀನಿ ಅಯ್ಯನವರೇ' ಅಂತ ನಕ್ರು. ನಂಗೇನೂ ಅರ್ಥ ಆಗ್ಲಿಲ್ಲ."

ಮಾರಕ್ಕನಿಗೆ ಅರ್ಥವಾಯಿತು. ಮನುಷ್ಯ ಸಾಯುವ ಮುಂಚೆ ಬಾಗಿಲಿನ ಅಗುಳಿ ಸರಿಸಿಟ್ಟು ಹೋಗಿದ್ದಾನೆ. ತೆರೆಯುವುದು ಮಾತ್ರ ನನಗೆ ಬಿಟ್ಟಿದ್ದಾನೆ. ಇವತ್ತು ಬಿಟ್ಟರೆ ಇನ್ನು ಯಾವತ್ತೂ ಇಲ್ಲ.

"ನಂಗೆ ಓದಕ್ಕೆ ಬರಲ್ಲ," ಎಂದಳು.

"ಏನಮ್ಮಾ?" ಎಂದಳು ರಂಜಿನಿ.

"ಒಂದಕ್ಷರಾನೂ ಬರಲ್ಲ ಕಣೆ. ಅವ್ರು ಸುಳ್ಳು ಹೇಳ್ಲಿಲ್ಲ ಮುತ್ತುರಾಜಣ್ಣ. ಓದಕ್ಕೆ ಬರ್ದೇ ಇರೋಳು ನಾನಿದ್ನಲ್ಲ, ಮೂರನೇ ಬೆಂಚಲ್ಲಿ." ಮಗಳ ಕಡೆ ತಿರುಗಿದಳು. "ನಿನ್ ಮೇಲೆ ಹಟ ಮಾಡ್ಲಿಲ್ಲ ಅಪ್ಪ. ನನ್ ಮಾನ ಕಾದ್ರು. ನಾನೇ ಬಾಯಿ ಬಿಡ್ಲಿಲ್ಲ."

ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಏನೂ ಬೀಳಲಿಲ್ಲ. ಫ್ಯಾನು ಮೊದಲಿನಂತೆಯೇ ಕಿರ್ ಕಿರ್ ಎನ್ನುತ್ತಿತ್ತು, ಹೊರಗೆ ಆಟೋಗಳು ಹಾರ್ನ್ ಮಾಡುತ್ತಿದ್ದವು. ಬಾಗಿಲ ಬಳಿ ನಿಂತಿದ್ದ ಸೊಣ್ಣಪ್ಪ, ಚರ್ಚಿನ ಗಂಟೆ ಹೊಡೆಯುವ ಎಂಬತ್ತರ ಮುದುಕ, ಗಂಟಲು ಸರಿಮಾಡಿಕೊಂಡ.

"ಅಯ್ಯೋ ಅಷ್ಟೇನಾ ಬಿಡವ್ವ. ಎಂಟು ವರ್ಷದಿಂದ ನಂಗೂ ಕಣ್ಣು ಮಂಜು. ಪುಸ್ತಕ ತಲೆಕೆಳಗೆ ಹಿಡಿದ್ರೂ ಗೊತ್ತಾಗಲ್ಲ. ದಾಸಪ್ಪ ಸಾಲು ಕೊಡ್ತಿದ್ದ, ನಾನು ಗಟ್ಟಿಯಾಗಿ ಕೂಗ್ತಿದ್ದೆ. ಈ ಸ್ಕ್ರೀನು ಬಂದ್ರೆ ನಂಗೂ ಬಾಯಿಗೆ ಬೀಗ."

ರಂಜಿನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಮ್ಮನ ಎರಡೂ ಭುಜ ಹಿಡಿದುಕೊಂಡಳು. "ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ, ಪೇಪರ್ ನನ್ ಕೈಗೆ ಕೊಟ್ಟು, ನೀನೇ ಓದು, ನಂಗೆ ಕೈ ನಡುಗುತ್ತೆ ಅಂದಿದ್ಯಲ್ಲಮ್ಮ..."

"ಕೈ ನಡುಗ್ತಿದ್ದಿದ್ದೂ ನಿಜಾನೇ."

"ಒಂಬತ್ತು ವರ್ಷ ಅಮ್ಮಾ. ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಟೀಚರ್ ಕಣೆ," ಎಂದಳು ಮಾರಕ್ಕ. ಮಗಳು ಅವಳನ್ನು ಅಪ್ಪಿಕೊಂಡು ಜೋರಾಗಿಯೇ ಅತ್ತಳು. ಮಾರಕ್ಕನಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು, ಬಂದದ್ದು ಹಿತವಾಗಿತ್ತು.

ಇಷ್ಟರಲ್ಲಿ ಮುತ್ತುರಾಜ್ ಕನ್ನಡಕ ಹಾಕಿಕೊಂಡು ಪುಸ್ತಕದ ಮೇಲೆ ಬೆರಳಿಟ್ಟು ಓದುತ್ತಿದ್ದರು. "ಪಾದ್ರಿಗಳೋ, ಇಲ್ಲ ಪಾದ್ರಿಗಳೂ ಹಿರಿಯರೂ ಸೇರಿ ನೇಮಿಸಿದ ಯೋಗ್ಯರೊಬ್ರೋ ಸಾಲು ಕೊಡ್ಬೋದು ಅಂತಿದೆ. ಗಂಡಸೇ ಆಗ್ಬೇಕು ಅಂತಿಲ್ವಲ್ಲ?"

"ಇಲ್ಲ," ಎಂದರು ಅಮರ್.

"ಬೇರೆ ಸಭೆಗೆ ಹೋಗೋರು ಆಗ್ಬಾರ್ದು ಅಂತ?"

"ಅದೂ ಇಲ್ಲ."

ಕಳೆದುಹೋದ ಫೈಲು ಸಿಕ್ಕಿದ ಗುಮಾಸ್ತನ ಹಾಗೆ ಮುತ್ತುರಾಜ್ ದೀರ್ಘವಾಗಿ ಉಸಿರುಬಿಟ್ಟರು. "ಮತ್ತಿನ್ನೇನು. ಓದಕ್ಕೆ ಆಗ್ದೇ ಇರೋರು ಸಭೇಲಿ ಇಬ್ರು ಇದಾರೆ. ಕ್ರಮ ಅಂದ್ರೆ ಕ್ರಮ, ಸಾಲು ಕೊಡ್ಲೇಬೇಕು. ರಂಜಿನಿ, ನಿಂಗೆ ಆ ರಾಗ ಬರುತ್ತೇನಮ್ಮ?"

"ತೊಟ್ಟಿಲಿಂದ ಕೇಳಿದೀನಿ ಅಂಕಲ್."

"ಸ್ಕ್ರೀನು?" ಎಂದರು ಅಮರ್, ಮೆಲ್ಲಗೆ.

"ಇರ್ಲಿ ಬಿಡಿ ಅಯ್ಯನವರೇ, ಓದೋರು ಓದ್ಕೊಳ್ಲಿ," ಎಂದಳು ಮಾರಕ್ಕ. "ನಾನೇನು ಬೇಡ ಅಂದ್ನಾ?"

"ಕೀಬೋರ್ಡ್ ಮಾತ್ರ ಇವತ್ತು ಬೇಡ," ಎಂದಳು ರಂಜಿನಿ. ಇವತ್ತು ಎಂಬ ಮಾತನ್ನು ಗಮನಿಸಿದ ಮುತ್ತುರಾಜ್ ಒಮ್ಮೆ ಕೆಮ್ಮಿದರು.

ಮಾರಕ್ಕ ಶ್ರುತಿಕಡ್ಡಿಯನ್ನು ಮಗಳ ಕೈಗಿಟ್ಟಳು. ಚರ್ಚಿನೊಳಗೆ ರಂಜಿನಿ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಮಂಡಿಗೆ ಬಡಿದಳು, ಬೆಂಚಿಗೆ ಒತ್ತಿದಳು, ಮೊದಲ ಸಾಲು ಕೊಟ್ಟಳು. ಹೆಂಗಸಿನ ದನಿ ಕೇಳಿ ಹಿಂದಿನ ಬೆಂಚುಗಳಲ್ಲಿ ಒಂದು ಕ್ಷಣ ತಡವರಿಕೆಯಾಯಿತು. ಆಗ ಸೊಣ್ಣಪ್ಪ ಗಟ್ಟಿಯಾಗಿ ಹಿಡಿದ. ಅವನ ಹಿಂದೆ ಎಲ್ಲರೂ ಹಿಡಿದರು. ಮಾರಕ್ಕ ಮಡಿಲಲ್ಲಿದ್ದ ಪುಸ್ತಕವನ್ನು ತೆರೆಯಲಿಲ್ಲ. ಪಕ್ಕದವಳು ಪುಟ ತಿರುವಿದಾಗ ತನ್ನ ಕೈ ಸುಮ್ಮನಿದ್ದದ್ದನ್ನು ಕಂಡು ಅವಳಿಗೇ ಆಶ್ಚರ್ಯವಾಯಿತು. ಎಷ್ಟು ಹಗುರವಾಗಿತ್ತು! ಹದಿನೇಳು ವಚನಗಳು ಮುಗಿಯುವವರೆಗೆ ಅವಳು ಪೆಟ್ಟಿಗೆಯ ಕಡೆ ನೋಡುತ್ತ, ಒಂದು ಸಾಲೂ ಬಿಡದೆ ಹಾಡಿದಳು.

* * *

ಮೈಸೂರು ರಸ್ತೆಯ ಸ್ಮಶಾನದಲ್ಲಿ ಮಧ್ಯಾಹ್ನದ ಬಿಸಿಲು. ಗುಂಡಿಯ ಬಳಿ ಹಾಡಬಾರದು, ಓದಬಾರದು, ಪ್ರಾರ್ಥನೆಯನ್ನೂ ಮಾಡಬಾರದು ಎನ್ನುವುದು ಸಭೆಯ ಇನ್ನೊಂದು ಹಳೆಯ ಕ್ರಮ. ಅದಕ್ಕೆ ಇವತ್ತು ಯಾರೂ ತಕರಾರು ತೆಗೆಯಲಿಲ್ಲ. ಎಂಬತ್ತು ಜನ ಸುಮ್ಮನೆ ನಿಂತಿದ್ದರು. ಪೆಟ್ಟಿಗೆಯನ್ನು ಗುಂಡಿಗೆ ಅಡ್ಡ ಹಾಕಿದ ಎರಡು ತೊಲೆಗಳ ಮೇಲೆ ಇಟ್ಟಿದ್ದರು. ಇಳಿಸುವವರು ಹಗ್ಗ ಸರಿಮಾಡಿಕೊಳ್ಳುತ್ತಿದ್ದರು.

"ಒಂದು ನಿಮಿಷ ಇರ್ರಪ್ಪ," ಎಂದಳು ಮಾರಕ್ಕ.

ಮಗಳ ಕಡೆ ಕೈ ಚಾಚಿದಳು. ರಂಜಿನಿ ಶ್ರುತಿಕಡ್ಡಿ ಕೊಟ್ಟಳು. ಮಾರಕ್ಕ ಮಣ್ಣಿನಲ್ಲಿ ಒಂದು ಮಂಡಿಯೂರಿ, ಇನ್ನೊಂದು ಮಂಡಿಗೆ ಅದನ್ನು ಬಡಿದಳು. ಮೊದಲ ಸಲ ಗುರಿ ತಪ್ಪಿತು. ಎರಡನೇ ಸಲ ಸರಿಯಾಗಿ ತಾಗಿತು. ಕೂಡಲೇ ಅದರ ಹಿಡಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಒತ್ತಿದಳು.

ಪೆಟ್ಟಿಗೆಗೆ ಪೆಟ್ಟಿಗೆಯೇ ಜುಂಯ್ ಎಂದಿತು.

ಇದು ಹಾಡಲ್ಲ, ಓದಲ್ಲ, ಪ್ರಾರ್ಥನೆಯೂ ಅಲ್ಲ. ಮುತ್ತುರಾಜ್ ಬಾಯಿ ತೆರೆದರು, ಆಕ್ಷೇಪಿಸಲು ಏನೂ ಸಿಗದೆ ಹಾಗೆಯೇ ನಿಂತರು. ಅಷ್ಟರಲ್ಲಿ ಸೊಣ್ಣಪ್ಪ ಅಭ್ಯಾಸಬಲದಿಂದ ಉಸಿರೆಳೆದುಕೊಂಡ. ಮುತ್ತುರಾಜರೂ ಎಳೆದುಕೊಂಡರು. ಸುತ್ತ ನಿಂತ ಎಂಬತ್ತು ಜನವೂ ಎದೆ ತುಂಬ ಉಸಿರೆಳೆದುಕೊಂಡು, ಮೊದಲ ಸಾಲಿಗಾಗಿ ಪೆಟ್ಟಿಗೆಯ ಕಡೆ ನೋಡಿದರು.